ಪದ ಪರಿಚಯ: ಸೂಕ್ಷ್ಮ ಮಾಹಿತಿ

ಸ್ಕಾಲರ್‌ಶಿಪ್ ಬಂದವರ ಪಟ್ಟಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತದೆ. ಪಿಡಿಎಫ್ ತೆರೆದರೆ ಹೆಸರು, ರಿಜಿಸ್ಟರ್ ನಂಬರ್, ಜಾತಿ, ಅಪ್ಪನ ವರಮಾನ, ಬ್ಯಾಂಕ್ ಖಾತೆ ಸಂಖ್ಯೆ ಎಲ್ಲ ಸಾಲಾಗಿ ಇರುತ್ತದೆ. ಹುಡುಗರಿಗೆ ಬೇಕಿದ್ದದ್ದು ತಮಗೆ ಬಂದಿದೆಯಾ ಇಲ್ವಾ ಅನ್ನೋದಷ್ಟೇ. ಅದಕ್ಕೆ ರಿಜಿಸ್ಟರ್ ನಂಬರ್ ಸಾಕಿತ್ತು. ಉಳಿದ ಕಾಲಂಗಳಲ್ಲಿ ಇರೋದೇ 'ಸೂಕ್ಷ್ಮ ಮಾಹಿತಿ'.

ಗುಟ್ಟಿಗೂ ಇದಕ್ಕೂ ವ್ಯತ್ಯಾಸ ಇದೆ. ಜಾತಿ ಪ್ರಮಾಣಪತ್ರ ತಹಶೀಲ್ದಾರ್ ಕಚೇರಿಯಲ್ಲೂ ಇದೆ, ಕಾಲೇಜಿನಲ್ಲೂ ಇದೆ. ಗುಟ್ಟೇನೂ ಅಲ್ಲ. ಆದರೆ ಸಂಬಂಧವಿಲ್ಲದವರ ಕೈಗೆ ಸಿಕ್ಕರೆ ಒಬ್ಬರಿಗೆ ಅವಮಾನವೋ, ಮೋಸವೋ ಆಗಬಹುದು. ಆ ತೊಂದರೆ ಎಷ್ಟು ದೊಡ್ಡದು ಅನ್ನೋದರ ಮೇಲೆ ವಿಶ್ವವಿದ್ಯಾಲಯಗಳು ಮಾಹಿತಿಯನ್ನು ಸಾಮಾನ್ಯವಾಗಿ ಮೂರು ನಾಲ್ಕು ದರ್ಜೆ ಮಾಡಿಕೊಳ್ಳುತ್ತವೆ. ಸಿಲಬಸ್ ಎಲ್ಲರಿಗೂ. ವಿಭಾಗದ ಸಭೆಯ ನಡಾವಳಿ ಒಳಗಿನವರಿಗೆ. ಅಂಕ, ಹಾಜರಾತಿ ಆ ವಿದ್ಯಾರ್ಥಿಗೆ ಮತ್ತು ಪಾಠ ಮಾಡುವವರಿಗೆ. ಆಧಾರ್, ಬ್ಯಾಂಕ್ ವಿವರ, ಕೌನ್ಸೆಲರ್ ಹತ್ತಿರ ಹೇಳಿಕೊಂಡ ಮಾತು ಬೀಗದೊಳಗೆ.

ದರ್ಜೆ ಒಂದೇ ಕಡೆ ನಿಲ್ಲುವುದಿಲ್ಲ. ಪ್ರಶ್ನೆಪತ್ರಿಕೆಯನ್ನೇ ನೋಡಿ. ಬೆಳಿಗ್ಗೆ ಸೀಲ್ ಒಡೆಯುವವರೆಗೂ ಅದಕ್ಕೆ ಪೊಲೀಸ್ ಕಾವಲು. ಮಧ್ಯಾಹ್ನ ಅದೇ ಹಾಳೆಯಲ್ಲಿ ಕ್ಯಾಂಟೀನ್ ಟೇಬಲ್ ಒರೆಸುತ್ತಿರುತ್ತಾರೆ! ಉಲ್ಟಾನೂ ಆಗುತ್ತದೆ. ರಿಜಿಸ್ಟರ್ ನಂಬರ್ ಸುಮ್ನೆ ಒಂದು ನಂಬರ್. ಹುಟ್ಟಿದ ದಿನ ಗೊತ್ತಾದರೂ ಅಂಥದ್ದೇನಿಲ್ಲ. ಆದರೆ ಎರಡೂ ಒಟ್ಟಿಗೆ ಸಿಕ್ಕರೆ ಎಷ್ಟೋ ರಿಸಲ್ಟ್ ಪೋರ್ಟಲ್‌ಗಳಲ್ಲಿ ಬೇರೆಯವರ ಅಂಕಪಟ್ಟಿ ತೆರೆದುಕೊಳ್ಳುತ್ತದೆ.

ಕಾನೂನು ಏನು ಹೇಳುತ್ತದೆ? 2011ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲಿ ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯ, ಬೆರಳಚ್ಚಿನಂಥ ಬಯೋಮೆಟ್ರಿಕ್ ಎಲ್ಲ ಇವೆ. ಜಾತಿ ಇಲ್ಲ. ನಮ್ಮ ದೇಶದಲ್ಲಿ ಅದಕ್ಕಿಂತ ಸೂಕ್ಷ್ಮ ಯಾವುದಿದೆ ಹೇಳಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ 'ಸೂಕ್ಷ್ಮ' ಅಂತ ಬೇರೆ ವಿಂಗಡಣೆಯನ್ನೇ ಮಾಡಿಲ್ಲ. ಹಾಗಾಗಿ ಯಾವುದನ್ನು ಯಾವ ದರ್ಜೆಗೆ ಹಾಕಬೇಕು ಅನ್ನೋ ವಿವೇಚನೆ ಹೆಚ್ಚಾಗಿ ವಿಶ್ವವಿದ್ಯಾಲಯದ್ದೇ. ಆದರೆ 18 ತುಂಬದವರಿಗೆ ಆ ಕಾಯ್ದೆಯಲ್ಲಿ ಜಾಸ್ತಿ ರಕ್ಷಣೆ ಇದೆ. ಪಿಯುಸಿ ಮುಗಿಸಿ ಬಂದ 17ರ ಮಕ್ಕಳು ಮೊದಲ ವರ್ಷದ ಕ್ಲಾಸಿನಲ್ಲಿ ಇರುತ್ತಾರಲ್ವಾ, ಅವರೂ ಇದಕ್ಕೆ ಸೇರುತ್ತಾರೆ.

ಇನ್ನು ಅಡ್ಮಿಷನ್ ಸಮಯದಲ್ಲಿ ಕೊಟ್ಟ ಆಧಾರ್ ಜೆರಾಕ್ಸ್‌ಗಳು. ಕಚೇರಿಯ ಬೀರುವಿನ ಮೇಲೆ ಕಟ್ಟು ಕಟ್ಟಾಗಿ ಧೂಳು ಹಿಡಿದಿರುತ್ತವೆ. 2023ರ ಕಾಯ್ದೆ ಡಿಜಿಟಲ್ ರೂಪದಲ್ಲಿರುವ ಅಥವಾ ಆಮೇಲೆ ಡಿಜಿಟಲ್ ಆದ ಮಾಹಿತಿಗೆ ಮಾತ್ರ. ಸ್ಕ್ಯಾನ್ ಆಗುವವರೆಗೆ ಆ ಕಟ್ಟುಗಳಿಗೆ ಈ ಕಾಯ್ದೆಯ ಆಸರೆ ಇಲ್ಲ, ಒಳಗಿಟ್ಟು ಬೀರುವಿಗೆ ಬೀಗ ಹಾಕಬೇಕಷ್ಟೇ.