ಪೈಥಾನ್ ಬೀಗ ತೆಗೆಯುತ್ತಿದೆ, ಅವಸರ ಮಾತ್ರ ಇಲ್ಲ

ಪೈಥಾನ್ ನಿಧಾನ ಅಂತ ಬೈಯುವವರೂ ಅದರಲ್ಲೇ ಕೋಡ್ ಬರೆಯುತ್ತಾರೆ. 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಕಳೆಯಲಿ ಅಂತ ಗೀಡೋ ವಾನ್ ರೊಸಮ್ ಶುರು ಮಾಡಿದ ಭಾಷೆ ಇದು. ಓದಲು ಸುಲಭ, ಕಲಿಯಲೂ ಸುಲಭ, ಹಾಗಾಗಿ ಹಬ್ಬಿತು. ವೇಗ ಬೇಕಾದ ಕಡೆ ನಂಪೈ ಥರದ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಒಳಗೊಳಗೇ ಸಿ ಭಾಷೆಯಲ್ಲಿ ಲೆಕ್ಕ ಮುಗಿಸಿ ಅದರ ಮರ್ಯಾದೆ ಉಳಿಸುತ್ತವೆ.

ಆದರೆ ಒಂದು ತೊಡಕು 1992ರಿಂದಲೂ ಇದೆ: ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್, ಚಿಕ್ಕದಾಗಿ ಗಿಲ್. ಪೈಥಾನ್‌ನಲ್ಲಿ ಒಂದು ಸಂಖ್ಯೆಯಿರಲಿ, ಲಿಸ್ಟ್ ಇರಲಿ, ಅದನ್ನು ಎಷ್ಟು ಕಡೆಯಿಂದ ಬಳಸುತ್ತಿದ್ದೇವೆ ಅನ್ನುವ ಎಣಿಕೆ ಅದಕ್ಕೇ ಅಂಟಿಕೊಂಡಿರುತ್ತದೆ. ಎಣಿಕೆ ಸೊನ್ನೆಯಾದರೆ ಮೆಮೊರಿ ವಾಪಸ್. ಎರಡು ಥ್ರೆಡ್‌ಗಳು (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಸಾಗುವ ಕೆಲಸದ ಎಳೆಗಳು) ಒಟ್ಟಿಗೇ ಈ ಎಣಿಕೆಗೆ ಕೈಹಾಕಿದರೆ ಲೆಕ್ಕ ತಪ್ಪಿ, ಇನ್ನೂ ಬೇಕಾಗಿದ್ದ ವಸ್ತುವೇ ಅಳಿಸಿಹೋಗಿ, ಪ್ರೋಗ್ರಾಂ ಅಲ್ಲೇ ಕುಸಿಯಬಹುದು. ಅದಕ್ಕೇ ಒಂದು ಹೊತ್ತಿಗೆ ಒಂದೇ ಥ್ರೆಡ್ ಅಂತ ಬೀಗ ಹಾಕಿದರು. ಆಗ ಮನೆಯ ಕಂಪ್ಯೂಟರಿಗೆ ಇದ್ದದ್ದೇ ಒಂದು ಕೋರ್ (ಲೆಕ್ಕ ಮಾಡುವ ಘಟಕ), ಯಾರಿಗೂ ನಷ್ಟವಿರಲಿಲ್ಲ. ಈಗ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಎಂಟು ಕೋರ್. ಎಂಟು ಒಲೆ, ಎಂಟು ಜನ ಅಡುಗೆ ಭಟ್ಟರು, ಸೌಟು ಮಾತ್ರ ಒಂದೇ!

ಹಾಗಾದರೆ ಸುಮ್ನೆ ಕಿತ್ತು ಬಿಸಾಡಬಹುದಲ್ವಾ? 1996ರಲ್ಲೇ ಗ್ರೆಗ್ ಸ್ಟೈನ್ ಅನ್ನುವ ಪ್ರೋಗ್ರಾಮರ್ ಕಿತ್ತು ನೋಡಿದ್ದರು. ಒಂದೇ ಥ್ರೆಡ್‌ನ ಮಾಮೂಲಿ ಪ್ರೋಗ್ರಾಂಗಳು ತೀರಾ ನಿಧಾನವಾದವು. 2016ರಲ್ಲಿ ಲ್ಯಾರಿ ಹೇಸ್ಟಿಂಗ್ಸ್ ಪ್ರಯತ್ನವೂ ಅದೇ ಗೋಡೆಗೆ ಬಡಿಯಿತು. ದಾರಿ ತೋರಿಸಿದ್ದು ಮೆಟಾ ಕಂಪನಿಯ ಸ್ಯಾಮ್ ಗ್ರಾಸ್, 2021ರಲ್ಲಿ. ಒಂದು ವಸ್ತುವನ್ನು ಜಾಸ್ತಿ ಬಳಸುವುದು ಅದನ್ನು ಹುಟ್ಟಿಸಿದ ಥ್ರೆಡ್ಡೇ, ಹಾಗಾಗಿ ಆ ಥ್ರೆಡ್ ತನ್ನ ಪಾಡಿಗೆ ಬೇಗ ಬೇಗ ಎಣಿಸಿಕೊಳ್ಳಲಿ, ಬೇರೆಯವು ಬಂದಾಗ ಮಾತ್ರ ದುಬಾರಿ ದಾರಿ ಹಿಡಿಯೋಣ ಅನ್ನುವುದು ಅವರ ಮುಖ್ಯ ಉಪಾಯಗಳಲ್ಲಿ ಒಂದು. ನನಗಂತೂ ಇದು ಭಾರಿ ಇಷ್ಟ.

ಉಪಾಯ ಸಿಕ್ಕರೂ ಪೈಥಾನ್‌ನವರು ಹೆದರಿಕೊಂಡೇ ಹೆಜ್ಜೆ ಇಡುತ್ತಿದ್ದಾರೆ, ಕಾರಣ ಹಳೆಯ ಗಾಯ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಹಳೆಯ ಕೋಡ್ ಹಾಗೇ ಓಡುತ್ತಿರಲಿಲ್ಲ. ಜನ ಜಗ್ಗಲಿಲ್ಲ, ಪೈಥಾನ್ 2ಕ್ಕೆ ಬಾಗಿಲು ಹಾಕುವಷ್ಟರಲ್ಲಿ 2020 ಬಂತು. ಬದಲಾವಣೆ ಒಳ್ಳೆಯದೇ ಆಗಿತ್ತು ಬಿಡಿ. ಮೊದಲು 'ಕನ್ನಡ' ಅನ್ನುವ ಸ್ಟ್ರಿಂಗ್‌ನ ಉದ್ದ ಕೇಳಿದರೆ ಬೈಟ್ ಎಣಿಸಿ 15 ಅನ್ನುತ್ತಿತ್ತು, ಈಗ ಯೂನಿಕೋಡ್ ಲೆಕ್ಕದಲ್ಲಿ (ಕ, ನ, ಅರ್ಧಾಕ್ಷರದ ಗುರುತು, ನ, ಡ) 5 ಅನ್ನುತ್ತದೆ. ಆದರೂ ಅಂಥ ಒದ್ದಾಟ ಇನ್ನೊಮ್ಮೆ ಯಾರಿಗೆ ಬೇಕು?

ಹಾಗಾಗಿ 2023ರಲ್ಲಿ ಗಿಲ್ ತೆಗೆಯಲು ಒಪ್ಪಿಗೆ ಕೊಟ್ಟಾಗಲೇ, ಸರಿಹೋಗದಿದ್ದರೆ ಹಿಂದೆ ಸರಿಯುವ ಅವಕಾಶವನ್ನೂ ಇಟ್ಟುಕೊಂಡರು. 2024ರ ಪೈಥಾನ್ 3.13ರಲ್ಲಿ ಗಿಲ್ ಇಲ್ಲದ ರೂಪ ಬರೀ ಪ್ರಯೋಗ. 2025ರ 3.14ರಲ್ಲಿ ಅಧಿಕೃತ, ಆದರೆ ಬೇಕಾದವರಿಗೆ ಮಾತ್ರ. ಒಂದೇ ಥ್ರೆಡ್‌ನ ಕೆಲಸ ಸುಮಾರು 5ರಿಂದ 10 ಶೇಕಡಾ ನಿಧಾನವಾಗುತ್ತದೆ. ಚಿಕ್ಕ ಸ್ಕ್ರಿಪ್ಟ್ ಬರೆಯುವವರಿಗೆ ಇದರಿಂದ ಏನೂ ಲಾಭವಿಲ್ಲ, ನಿಜವಾದ ಹೊರೆ ಬೀಳುವುದು ಗಿಲ್ ನಂಬಿಕೊಂಡು ಸಿ ಕೋಡ್ ಬರೆದ ಲೈಬ್ರರಿಯವರ ತಲೆಗೆ. ಗಿಲ್ ಇಲ್ಲದ ಪೈಥಾನ್ ಹಾಕಿಕೊಂಡು, ಇನ್ನೂ ತಯಾರಾಗದ ಅಂಥ ಒಂದು ಲೈಬ್ರರಿಯನ್ನು ಇಂಪೋರ್ಟ್ ಮಾಡಿದರೆ ಸಾಕು, ಒಂದು ಸಾಲಿನ ಎಚ್ಚರಿಕೆ ಕೊಟ್ಟು ಗಿಲ್ ತಾನಾಗೇ ಮತ್ತೆ ಆನ್ ಆಗುತ್ತದೆ.