ಅಗ್ಗದ ಗ್ಯಾಸಿಗೆ ಆಮೇಲೆ ಕೊಟ್ಟ ದುಡ್ಡು

2021ರ ಡಿಸೆಂಬರ್‌ನಲ್ಲಿ ನಮ್ಮ ಮನೆಗೆ ಗ್ಯಾಸ್ ಕಂಪನಿಯಿಂದ ಒಂದು ಪತ್ರ ಬಂತು. ನಾಲ್ಕೇ ಸಾಲು. ಇನ್ನು ಮೇಲೆ ನಿಮಗೆ ಗ್ಯಾಸ್ ಕೊಡಲು ನಮ್ಮಿಂದ ಆಗುವುದಿಲ್ಲ, ಒಪ್ಪಂದ ಇಲ್ಲಿಗೆ ಮುಗಿಯಿತು, ನಮಸ್ಕಾರ. ಹೊರಗೆ ಸೊನ್ನೆ ಡಿಗ್ರಿ. ಮನೆಯ ಹೀಟರ್ ಏನೂ ಆರಲಿಲ್ಲ. ಜರ್ಮನಿಯಲ್ಲಿ ಒಂದು ಕಂಪನಿ ಕೈ ಎತ್ತಿದರೆ ಆ ಊರಿನ ಮುಖ್ಯ ಪೂರೈಕೆದಾರರು ಅವತ್ತಿನಿಂದಲೇ ಗ್ಯಾಸ್ ಕೊಡಬೇಕು ಅಂತ ಕಾನೂನಿದೆ. ದರ ಮಾತ್ರ ಮೂರು ಪಟ್ಟು.

ಹೇಳಿಕೊಳ್ಳಲು ನಾಚಿಕೆ. ನನ್ನ ಹೊಟ್ಟೆಪಾಡೇ ಕರೆಂಟು ಮತ್ತು ಗ್ಯಾಸ್ ಖರೀದಿ. ರೈನ್ ನದಿ ದಂಡೆಯ ಒಂದು ಊರಿನಲ್ಲಿ, ಆ ಊರಿನ ಆಡಳಿತದ್ದೇ ಆದ ವಿದ್ಯುತ್ ಸಂಸ್ಥೆಯಲ್ಲಿ ನನ್ನ ಕೆಲಸ. ಊರಿಗೆ ನಾಳೆ ಎಷ್ಟು ಬೇಕು, ಬರುವ ವರ್ಷಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಕೊಳ್ಳುವ ತಂಡ ನಮ್ಮದು. ಮನೆ ಇರುವುದು ಪಕ್ಕದ ಊರಿನಲ್ಲಿ, ಹಾಗಾಗಿ ನಮ್ಮ ಸಂಸ್ಥೆಯ ಗ್ಯಾಸ್ ನನಗೇ ಸಿಗುವುದಿಲ್ಲ. ಒಂದು ಭಾನುವಾರ ಸಂಜೆ ದರ ಹೋಲಿಸುವ ವೆಬ್‌ಸೈಟ್ ತೆರೆದೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಹೆಸರು ಯಾವುದಿತ್ತೋ ಅದನ್ನೇ ಒತ್ತಿದ್ದೆ.

ಅವರು ಯಾಕೆ ಅಷ್ಟು ಅಗ್ಗ ಅಂತ ನನಗೆ ಹೊಳೆಯಬೇಕಿತ್ತು. ನಮ್ಮಂಥ ಸಂಸ್ಥೆಗಳು ಬರುವ ಎರಡು ಮೂರು ಚಳಿಗಾಲದ ಗ್ಯಾಸನ್ನು ಈಗಿನಿಂದಲೇ ಚೂರು ಚೂರಾಗಿ ಕೊಂಡಿಡುತ್ತವೆ. ಅದಕ್ಕೆ ದುಡ್ಡು ಕಟ್ಟಿ ಕೂರಬೇಕು. ಬೆಲೆ ಇಳಿದರೆ ನಮ್ಮ ಗಿರಾಕಿಗಳು ನಮ್ಮನ್ನೇ ಬೈಯುತ್ತಾರೆ. ಆ ಕಂಪನಿ ಹಾಗೆ ಮಾಡಿರಲಿಲ್ಲ. ಇವತ್ತಿನದನ್ನು ಇವತ್ತೇ ಸಂತೆಯಲ್ಲಿ ಕೊಂಡು ಮಾರುತ್ತಿತ್ತು. ಬೆಲೆ ಬಿದ್ದಿದ್ದಷ್ಟು ದಿನ ಅದು ಜಾಣತನ. 2021ರ ಶರತ್ಕಾಲದಲ್ಲಿ ಬೆಲೆ ಏರಿತು ನೋಡಿ, ನನಗೆ ಮಾರುವ ಒಂದೊಂದು ಯೂನಿಟ್‌ನಲ್ಲೂ ಅವರಿಗೆ ನಷ್ಟ. ಪತ್ರ ಬರೆದರು.

ಇಡೀ ಜರ್ಮನಿಯೂ ಮಾಡಿದ್ದು ಅದೇ ಭಾನುವಾರ ಸಂಜೆಯ ಕೆಲಸ. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. 2021ರಲ್ಲಿ ಜರ್ಮನಿ ಕೊಂಡ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. ಯುರೋಪಿಯನ್ ಒಕ್ಕೂಟದ ಆಮದಿನಲ್ಲಿ ಸುಮಾರು 45%. ಹಡಗಿನಲ್ಲಿ ಬರುವ ದ್ರವ ಗ್ಯಾಸ್, ಅಂದರೆ ಎಲ್‌ಎನ್‌ಜಿ, ಇಳಿಸಿಕೊಳ್ಳಲು ಜರ್ಮನಿಗೆ ಸ್ವಂತದ ಒಂದು ಟರ್ಮಿನಲ್ ಕೂಡ ಇರಲಿಲ್ಲ. ಪೈಪಿನಲ್ಲಿ ಅಗ್ಗವಾಗಿ ಬರುವಾಗ ಅದಕ್ಕೆ ಯಾರು ದುಡ್ಡು ಹಾಕುತ್ತಾರೆ? ಇನ್ನೂ ಬೆಚ್ಚಿಬೀಳಿಸುವ ವಿಷಯವೆಂದರೆ ದಾಸ್ತಾನು. ದೇಶದ ಅತಿ ದೊಡ್ಡ ನೆಲದಡಿಯ ಗ್ಯಾಸ್ ಉಗ್ರಾಣ ಇರುವುದು ರೇಡೆನ್ ಎಂಬ ಊರಿನಲ್ಲಿ. ಅದು ಆಗ ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರೊಮ್ ಕೈಯಲ್ಲಿತ್ತು. 2021-22ರ ಚಳಿಗಾಲದಲ್ಲಿ ಅದು ಹೆಚ್ಚುಕಮ್ಮಿ ಖಾಲಿ. ನಾವು ದಿನಾ ಬೆಳಿಗ್ಗೆ ಆ ಅಂಕಿ ನೋಡುತ್ತಿದ್ದೆವು. ತುಂಬಿಸಲೇಬೇಕು ಅಂತ ಕಾನೂನಿರಲಿಲ್ಲ, ಹಾಗಾಗಿ ಯಾರೂ ಕೇಳುವಂತಿರಲಿಲ್ಲ.

ಗ್ಯಾಸ್ ತುಟ್ಟಿಯಾದರೆ ಕರೆಂಟು ಯಾಕೆ ತುಟ್ಟಿಯಾಗಬೇಕು ಅಂತ ಎಲ್ಲರೂ ಕೇಳುತ್ತಾರೆ. ಊರಿನ ಲೆಕ್ಕದಲ್ಲೇ ಹೇಳುತ್ತೇನೆ. ಮದುವೆ ಮನೆಗೆ 100 ಲೀಟರ್ ಹಾಲು ಬೇಕು. ಪಕ್ಕದ ಮನೆಯವರು 40 ಲೀಟರ್ ಕೊಡುತ್ತಾರೆ, ಲೀಟರಿಗೆ 30 ರೂಪಾಯಿ ಸಾಕು ಅನ್ನುತ್ತಾರೆ. ಡೈರಿಯಿಂದ 50 ಲೀಟರ್, 45 ರೂಪಾಯಿ. ಕೊನೆಯ 10 ಲೀಟರ್ ಪೇಟೆಯಿಂದ ಆಟೋದಲ್ಲಿ ತರಿಸಬೇಕು, ಅದಕ್ಕೆ 90. ನಾವಾದರೆ ಅವರವರ ದರ ಅವರಿಗೆ ಕೊಟ್ಟು ಕಳಿಸುತ್ತೇವೆ. ಯುರೋಪಿನ ಕರೆಂಟು ಹರಾಜಿನಲ್ಲಿ ಮೂವರಿಗೂ 90 ಸಿಗುತ್ತದೆ.

ಇದೆಂಥ ಹುಚ್ಚು ಅಂತ ಅನ್ನಿಸುತ್ತೆ ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಅವರವರು ಕೇಳಿದ್ದನ್ನೇ ಕೊಡುತ್ತೇವೆ ಅಂತ ಸಾರಿದರೆ, ಮಾರನೇ ದಿನ ಪಕ್ಕದ ಮನೆಯವರು 30 ಅನ್ನುವುದಿಲ್ಲ. ಪೇಟೆ ಹಾಲಿಗೆ 90 ಅಂತ ಅವರಿಗೂ ಗೊತ್ತು. 85 ಅನ್ನುತ್ತಾರೆ. ಎಲ್ಲರಿಗೂ ಒಂದೇ ಬೆಲೆ ಅಂದಾಗ ಮಾತ್ರ ಪ್ರತಿಯೊಬ್ಬರೂ ತಮ್ಮ ನಿಜವಾದ ಖರ್ಚು ಹೇಳುತ್ತಾರೆ, ಅಗ್ಗದ ಘಟಕ ಮೊದಲು ಓಡುತ್ತದೆ. ಗಾಳಿ, ಬಿಸಿಲಿನ ಘಟಕಗಳಿಗೆ ಇಂಧನದ ಖರ್ಚಿಲ್ಲ, ಹೆಚ್ಚುಕಮ್ಮಿ ಸೊನ್ನೆಗೆ ಕೂಗುತ್ತವೆ. ಮೇಲೆ ಸಿಕ್ಕಿದ್ದರಲ್ಲಿ ಬ್ಯಾಂಕ್ ಸಾಲ ತೀರಿಸುತ್ತವೆ. ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲೂ ಇದೇ ಪದ್ಧತಿ. ಅಲ್ಲಿ ಹರಾಜಿಗೆ ಬರುವುದು ಒಟ್ಟು ಕರೆಂಟಿನ ಸಣ್ಣ ಪಾಲು, ಜೊತೆಗೆ ಬೆಲೆಗೆ ಮಿತಿ ಇದೆ. ಹಾಗಾಗಿ ನಮ್ಮ ಮನೆಗಳ ಬಿಲ್ಲಿನಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ಯುರೋಪಿನಲ್ಲಿ ಆಟೋದಲ್ಲಿ ಬರುವ ಕೊನೆಯ ಹಾಲು ಬಹಳ ಹೊತ್ತು ಗ್ಯಾಸ್ ಘಟಕದ್ದು. ಒಂದು ಯೂನಿಟ್ ಕರೆಂಟಿಗೆ ಸುಮಾರು ಎರಡು ಯೂನಿಟ್ ಗ್ಯಾಸ್ ಉರಿಯುತ್ತದೆ (ಇಲ್ಲಿ ಗ್ಯಾಸನ್ನೂ ಕರೆಂಟಿನ ಹಾಗೆ ಕಿಲೋವ್ಯಾಟ್ ಅವರ್ ಯೂನಿಟ್‌ನಲ್ಲೇ ಅಳೆಯುತ್ತಾರೆ), ಜೊತೆಗೆ ಹೊಗೆಗೆ ಕಟ್ಟುವ ಕಾರ್ಬನ್ ದರ. ಬಿಕ್ಕಟ್ಟಿಗೆ ಮುಂಚಿನ ವರ್ಷಗಳಲ್ಲಿ ನೆದರ್‌ಲೆಂಡ್ಸ್‌ನ ಟಿಟಿಎಫ್ ಸಗಟು ಮಾರುಕಟ್ಟೆಯಲ್ಲಿ ಗ್ಯಾಸ್ ಯೂನಿಟ್‌ಗೆ 2 ಸೆಂಟ್ ಆಸುಪಾಸು ಇರುತ್ತಿತ್ತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಗ್ಯಾಸ್ ಕಡಿಮೆಯಾಗುತ್ತಾ ಹೋಯಿತು, ಆಗಸ್ಟ್ ಕೊನೆಗೆ 30 ಸೆಂಟ್ ದಾಟಿತು. ಎರಡರಿಂದ ಗುಣಿಸಿ ನೋಡಿ.

ಆ ಬೇಸಿಗೆ ನನಗೆ ಇಂದಿಗೂ ನೆನಪಿರುವುದು ನದಿಯಿಂದ. ಆಫೀಸಿನ ಕಿಟಕಿಯಿಂದ ರೈನ್ ಕಾಣುತ್ತದೆ. ಆಗಸ್ಟ್‌ನಲ್ಲಿ ಕೌಬ್ ಎಂಬಲ್ಲಿನ ಅಳತೆಪಟ್ಟಿಯಲ್ಲಿ ನೀರು 40 ಸೆಂಟಿಮೀಟರ್‌ಗಿಂತ ಕೆಳಗಿಳಿದಿತ್ತು. ಕಲ್ಲಿದ್ದಲು ಹೊತ್ತ ದೋಣಿಗಳು ಅರ್ಧದಷ್ಟೂ ತುಂಬದೆ, ಹೊಟ್ಟೆ ಮೇಲಕ್ಕೆತ್ತಿಕೊಂಡು ಹೋಗುತ್ತಿದ್ದವು. ಗ್ಯಾಸ್ ಇಲ್ಲ, ಕಲ್ಲಿದ್ದಲು ಉರಿಸೋಣ ಅಂದರೆ ಅದನ್ನು ತರಲು ನದಿಯಲ್ಲಿ ನೀರಿಲ್ಲ. ಅತ್ತ ಫ್ರಾನ್ಸಿನ 56 ಅಣು ರಿಯಾಕ್ಟರ್‌ಗಳಲ್ಲಿ ಅರ್ಧದಷ್ಟು ಪೈಪಿನ ಬಿರುಕು, ದುರಸ್ತಿ ಅಂತ ನಿಂತಿದ್ದವು. ಸದಾ ಕರೆಂಟು ಮಾರುತ್ತಿದ್ದ ದೇಶ ಆ ವರ್ಷ ಕೊಳ್ಳುವ ದೇಶವಾಯಿತು. ಆಗಸ್ಟ್ 29ರಂದು ಜರ್ಮನಿಯಲ್ಲಿ ಮರುವರ್ಷದ ಕರೆಂಟಿನ ಸಗಟು ಬೆಲೆ ಯೂನಿಟ್‌ಗೆ 1 ಯೂರೊ ದಾಟಿತು. ನಮ್ಮ ತಂಡದ ಹಿರಿಯರೊಬ್ಬರು ಪರದೆ ನೋಡಿ, ಸೊನ್ನೆ ಒಂದು ಜಾಸ್ತಿ ಬಿದ್ದಿರಬೇಕು ಅಂದುಕೊಂಡು ಕನ್ನಡಕ ಒರೆಸಿಕೊಂಡರು.

ಆಮೇಲೆ ಆಗಿದ್ದು ಅವಸರದ ಕೆಲಸ. ರಷ್ಯಾದಿಂದ ಜರ್ಮನಿಗೆ ಬರುವ ನಾರ್ಡ್ ಸ್ಟ್ರೀಮ್ ಪೈಪಿನಲ್ಲಿ ಹರಿವು ನಿಂತಿತ್ತು, ಸೆಪ್ಟೆಂಬರ್ 26ಕ್ಕೆ ಪೈಪೇ ಒಡೆಯಿತು. ಉಗ್ರಾಣಗಳು ನವೆಂಬರ್ 1ರೊಳಗೆ 80% ತುಂಬಿರಬೇಕು ಅಂತ ಒಕ್ಕೂಟ ಜೂನ್‌ನಲ್ಲೇ ಕಾನೂನು ಮಾಡಿತ್ತು, ಬರುವ ವರ್ಷಗಳಿಗೆ 90%. ಡಿಸೆಂಬರ್ 17ಕ್ಕೆ ವಿಲ್‌ಹೆಲ್ಮ್ಸ್‌ಹಾಫೆನ್‌ನಲ್ಲಿ ಜರ್ಮನಿಯ ಮೊದಲ ತೇಲುವ ಎಲ್‌ಎನ್‌ಜಿ ಟರ್ಮಿನಲ್ ಉದ್ಘಾಟನೆಯಾಯಿತು. ಒಂದು ಸೇತುವೆಗೆ ಹತ್ತು ವರ್ಷ ಹಿಡಿಯುವ ದೇಶ ಹತ್ತೇ ತಿಂಗಳಲ್ಲಿ ಅದನ್ನು ಮಾಡಿ ಮುಗಿಸಿತು.

ಆ ಹಡಗುಗಳು ಎಲ್ಲಿಂದ ಬಂದವು ಅನ್ನುವುದನ್ನು ಇಲ್ಲಿಯ ಪತ್ರಿಕೆಗಳು ಕಡಿಮೆ ಬರೆದವು. ಜಗತ್ತಿನಲ್ಲಿ ಗ್ಯಾಸ್ ದಿಢೀರನೆ ಹೆಚ್ಚಾಗಲಿಲ್ಲ. ಹೆಚ್ಚು ದುಡ್ಡು ಕೊಟ್ಟವರ ಕಡೆ ಹಡಗು ತಿರುಗಿತು, ಅಷ್ಟೇ. 2022ರ ಜುಲೈನಲ್ಲಿ ಪಾಕಿಸ್ತಾನ ಹತ್ತು ಹಡಗಿನ ಗ್ಯಾಸಿಗೆ ಟೆಂಡರ್ ಕರೆದರೆ ಒಬ್ಬರೂ ಬರಲಿಲ್ಲ. ಅಲ್ಲಿ ಜನ ಗಂಟೆಗಟ್ಟಲೆ ಕತ್ತಲಲ್ಲಿ ಕೂತರು.

ನಮ್ಮ ದೇಶಕ್ಕೂ ಬಿಸಿ ಮುಟ್ಟಿತು. ಬೆಂಗಳೂರಿನ ಅಡುಗೆಮನೆಗಳಿಗೆ ಪೈಪಿನಲ್ಲಿ ಬರುವ ಗ್ಯಾಸಿನ ಹಿಂದೆ ಸರ್ಕಾರಿ ಕಂಪನಿ ಗೇಲ್ ಇದೆ ಅಲ್ವಾ, ಅದೇ ಗೇಲ್ ಗಾಜ್‌ಪ್ರೊಮ್‌ನ ಸಿಂಗಪುರ ಘಟಕದ ಜೊತೆ 20 ವರ್ಷದ ಎಲ್‌ಎನ್‌ಜಿ ಒಪ್ಪಂದ ಮಾಡಿಕೊಂಡಿತ್ತು. ಆ ಘಟಕ ಗಾಜ್‌ಪ್ರೊಮ್‌ನ ಜರ್ಮನಿ ಕಂಪನಿಯ ಕೈಕೆಳಗಿತ್ತು. 2022ರ ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಆ ಕಂಪನಿಯನ್ನೇ ತನ್ನ ಸುಪರ್ದಿಗೆ ತೆಗೆದುಕೊಂಡಿತು. ಅದಾಗಿ ಸ್ವಲ್ಪ ದಿನಕ್ಕೆ ಭಾರತಕ್ಕೆ ಬರಬೇಕಿದ್ದ ಹಡಗುಗಳು ನಿಂತವು. ಗೇಲ್ ಗೊಬ್ಬರ ಕಾರ್ಖಾನೆಗಳಿಗೆ ಗ್ಯಾಸ್ ಕಡಿತ ಮಾಡಬೇಕಾಯಿತು. ಜಗಳ ಮಧ್ಯಸ್ಥಿಕೆಯವರೆಗೂ ಹೋಗಿ, 2025ರ ಜನವರಿಯಲ್ಲಿ 28.5 ಕೋಟಿ ಡಾಲರ್‌ಗೆ ರಾಜಿಯಾಯಿತು. 2022-23ರ ಚಳಿಗಾಲದಲ್ಲಿ ನಮ್ಮ ಮನೆ ಬೆಚ್ಚಗಿತ್ತು. ಅದರ ಬೆಲೆಯ ಒಂದು ಪಾಲನ್ನು ನಮ್ಮೂರಿನ ಕಡೆಯವರೂ ಕೊಟ್ಟಿದ್ದಾರೆ ಅನ್ನುವುದು ನನ್ನ ತಲೆಯಿಂದ ಹೋಗುವುದಿಲ್ಲ.

ಸರ್ಕಾರಗಳು ಬೆಲೆಗೆ ಬ್ರೇಕ್ ಹಾಕಿದವು. ಜರ್ಮನಿಯಲ್ಲಿ 2023ರಲ್ಲಿ ಮನೆಗಳ ಬಳಕೆಯ 80% ಪಾಲಿಗೆ ಕರೆಂಟು 40 ಸೆಂಟ್, ಗ್ಯಾಸ್ 12 ಸೆಂಟ್ ಅಂತ ಮಿತಿ. ಮೇಲಿನದ್ದನ್ನು ಖಜಾನೆ ಕಟ್ಟಿತು. ಸ್ಪೇನ್ ಮತ್ತು ಪೋರ್ಚುಗಲ್ ಬೇರೆ ದಾರಿ ಹಿಡಿದವು. ಕರೆಂಟು ಘಟಕಗಳು ಉರಿಸುವ ಗ್ಯಾಸಿಗೇ ಬೆಲೆ ಮಿತಿ ಹಾಕಿ, ಪೇಟೆ ಹಾಲನ್ನೇ ಅಗ್ಗ ಮಾಡಿದವು. ಹರಾಜಿನ ಬೆಲೆ ಇಳಿಯಿತು, ನಿಜ. ಗಡಿಯಾಚೆಯ ಫ್ರಾನ್ಸೂ ಅದೇ ಅಗ್ಗದ ಕರೆಂಟನ್ನು ಬಾಚಿಕೊಂಡಿತು, ಸ್ಪೇನಿನಲ್ಲಿ ಗ್ಯಾಸ್ ಉರಿಸುವುದು ಜಾಸ್ತಿಯೇ ಆಯಿತು. ನನ್ನನ್ನು ಕೇಳಿದರೆ ಜರ್ಮನಿಯ ದಾರಿಯೇ ವಾಸಿ: 80% ಮೇಲಿನದ್ದಕ್ಕೆ ಪೂರ್ತಿ ಬೆಲೆ ತೆರಬೇಕಿದ್ದರಿಂದ ಜನ ಉಳಿಸಿದರು.

ಈಗ ಗ್ಯಾಸ್ ಆ ಎತ್ತರದಿಂದ ಎಷ್ಟೋ ಇಳಿದಿದೆ. ಸಮಸ್ಯೆ ಜಾಗ ಬದಲಿಸಿದೆ. ಯುರೋಪಿನ ಹರಾಜು ಹಿಂದಿನ ದಿನ ಮಧ್ಯಾಹ್ನ 12ಕ್ಕೆ ಮುಚ್ಚುತ್ತದೆ. ಒಂದು ಗಂಟೆಯ ಹೊತ್ತಿಗೆ ನಾಳೆಯ ಬೆಲೆಗಳು ಪರದೆ ಮೇಲೆ ಬರುತ್ತವೆ. 2024ರ ಡಿಸೆಂಬರ್ 11ರಂದು ಊಟದ ಡಬ್ಬಿ ತೆರೆದು ಕೂತಿದ್ದೆ. ಮಾರನೇ ದಿನ ಸಂಜೆ 5ರಿಂದ 6ರ ಗಂಟೆಗೆ ಯೂನಿಟ್‌ಗೆ ಹೆಚ್ಚುಕಮ್ಮಿ 94 ಸೆಂಟ್ ಅಂತ ಬಂತು. ಗಾಳಿ ಇಲ್ಲ, ಬಿಸಿಲಿಲ್ಲ. ಜರ್ಮನ್ನರು ಇದಕ್ಕೆ ಡುಂಕೆಲ್‌ಫ್ಲೌಟೆ ಅನ್ನುತ್ತಾರೆ, ಕತ್ತಲೂ ಹೌದು, ಗಾಳಿಯೂ ಸತ್ತಿದೆ ಅಂತ. ತಂತಿ ಜೋಡಿಸಿರುವುದರಿಂದ ದಕ್ಷಿಣ ಸ್ವೀಡನ್‌ನಲ್ಲೂ ಬೆಲೆ ಹಾರಿತು. ಅಣು ಘಟಕ ಮುಚ್ಚಿದ್ದು ನೀವು, ಬಿಲ್ಲು ಕಟ್ಟುವುದು ನಾವಾ ಅನ್ನುವ ಧಾಟಿಯಲ್ಲಿ ಅಲ್ಲಿನ ಇಂಧನ ಸಚಿವೆ ಎಬ್ಬಾ ಬುಶ್ ಬಹಿರಂಗವಾಗಿಯೇ ಸಿಟ್ಟಾದರು. ಜರ್ಮನಿ ತನ್ನ ಕೊನೆಯ ಮೂರು ಅಣು ಘಟಕಗಳನ್ನು 2023ರ ಏಪ್ರಿಲ್ 15ಕ್ಕೆ ನಿಲ್ಲಿಸಿತ್ತು.

ಅದೇ 2024ರಲ್ಲಿ ಜರ್ಮನಿಯಲ್ಲಿ 457 ಗಂಟೆ ಕರೆಂಟಿನ ಬೆಲೆ ಸೊನ್ನೆಗಿಂತ ಕೆಳಗಿತ್ತು. ಬೇಸಿಗೆ ಮಧ್ಯಾಹ್ನ, ಎಲ್ಲರ ಚಾವಣಿಯ ಮೇಲೂ ಸೋಲಾರ್. ತಗೊಳ್ಳಿ, ಜೊತೆಗೆ ದುಡ್ಡೂ ಕೊಡುತ್ತೇವೆ ಅನ್ನುವ ಸ್ಥಿತಿ. ಹಾಗಾದರೆ ಮನೆಯ ಬಿಲ್ಲು ಯಾಕೆ ಇಳಿಯುವುದಿಲ್ಲ? ಸಗಟು ಬೆಲೆ ಬಿಲ್ಲಿನ ಅರ್ಧಕ್ಕಿಂತ ಕಡಿಮೆ. ಉಳಿದದ್ದು ತಂತಿಗಳ ಬಾಡಿಗೆ, ತೆರಿಗೆ. ಉತ್ತರದ ಗಾಳಿ ಕರೆಂಟನ್ನು ದಕ್ಷಿಣದ ಕಾರ್ಖಾನೆಗೆ ತರುವ ತಂತಿಗೆ ಯಾರೋ ದುಡ್ಡು ಕೊಡಲೇಬೇಕು. ಯೂನಿಟ್‌ಗೆ 40 ಸೆಂಟ್ ಅಂದಾಗ ಹಾಸನದಿಂದ ಅಮ್ಮ ಫೋನಿನಲ್ಲೇ ಲೆಕ್ಕ ಹಾಕಿದರು. "ನಲವತ್ತು ರೂಪಾಯಾ? ಅಲ್ಲಿ ಗೃಹಜ್ಯೋತಿ ಏನೂ ಇಲ್ವೇನೋ?"

ಇಲ್ಲ ಅಮ್ಮ ಅಂದೆ. ಇಲ್ಲಿ ನಮ್ಮ ಬಿಲ್ಲಿನಲ್ಲಿ ಇನ್ನೊಂದು ಸಾಲು ಇತ್ತು, ಅದನ್ನು ವಿವರಿಸಲು ಹೋಗಲಿಲ್ಲ. ಗ್ಯಾಸ್ ದಾಸ್ತಾನು ವಂತಿಗೆ ಅಂತ ಅದರ ಹೆಸರು. 2022ರ ಬೇಸಿಗೆಯಲ್ಲಿ ಉಗ್ರಾಣ ತುಂಬಿಸಲು ಸರ್ಕಾರದ ಪರವಾಗಿ ನೂರಾರು ಕೋಟಿ ಯೂರೊ ಗ್ಯಾಸನ್ನು ಅತಿ ತುಟ್ಟಿ ಬೆಲೆಗೆ ಕೊಂಡಿದ್ದರು. ಆಮೇಲೆ ಬೆಲೆ ಬಿತ್ತು, ಮಾರಿದಾಗ ನಷ್ಟ. ಆ ನಷ್ಟವನ್ನು ಯೂನಿಟ್‌ಗೆ ಇಷ್ಟು ಅಂತ ಎಲ್ಲರ ಮೇಲೂ ಹಾಕಿದರು. ಜರ್ಮನಿ ಮೂಲಕ ಗ್ಯಾಸ್ ತರಿಸಿಕೊಳ್ಳುತ್ತಿದ್ದ ಆಸ್ಟ್ರಿಯಾ, ಜೆಕ್ ದೇಶಗಳ ಮೇಲೂ ಬಿತ್ತು. ನಿಮ್ಮ ಉಗ್ರಾಣಕ್ಕೆ ನಾವ್ಯಾಕೆ ಕೊಡಬೇಕು ಅಂತ ಅವರು ಜಗಳ ತೆಗೆದರು. 2025ರ ಜನವರಿಯಿಂದ ಗಡಿ ದಾಟುವ ಗ್ಯಾಸಿಗೆ ಅದನ್ನು ಬಿಟ್ಟರು, ನಮ್ಮ ಪಾಲು 0.299 ಸೆಂಟ್‌ಗೆ ಏರಿತು. 2026ರಿಂದ ಆ ಸಾಲನ್ನೇ ಬಿಲ್ಲಿನಿಂದ ತೆಗೆದಿದ್ದಾರೆ.

ಹೊಸ ತಲೆನೋವು ಬೇರೆ ಇದೆ. ಬೇಸಿಗೆಯಲ್ಲಿ ಅಗ್ಗಕ್ಕೆ ಕೊಂಡು ಚಳಿಗಾಲದಲ್ಲಿ ಮಾರುವುದು ಉಗ್ರಾಣದ ವ್ಯಾಪಾರ. 2025ರ ಆರಂಭದಲ್ಲಿ ಅದು ತಿರುಗಿಬಿತ್ತು, ಬರುವ ಬೇಸಿಗೆಯ ಗ್ಯಾಸೇ ಚಳಿಗಾಲದ್ದಕ್ಕಿಂತ ತುಟ್ಟಿ. ತುಂಬಿಸಲೇಬೇಕು ಅಂತ ಕಾನೂನಿದೆ ಅಂದಾಗ ಮಾರುವವರಿಗೂ ಅದು ಗೊತ್ತಿರುತ್ತದಲ್ಲ. ಕೊನೆಗೆ ಒಕ್ಕೂಟವೇ 90% ನಿಯಮವನ್ನು ಸಡಿಲ ಮಾಡಿತು. ಅಕ್ಟೋಬರ್ 1ರಿಂದ ಡಿಸೆಂಬರ್ 1ರೊಳಗೆ ಯಾವಾಗ ಮುಟ್ಟಿದರೂ ಸರಿ, ಪರಿಸ್ಥಿತಿ ಕೆಟ್ಟರೆ ಇನ್ನೂ ರಿಯಾಯಿತಿ.

ಕೆಳಗಿನ ಮನೆಯ ಅಜ್ಜಿ ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿದ್ದರು. ಕೈಯಲ್ಲಿ ಹೊಸ ಗ್ಯಾಸ್ ಬಿಲ್ಲು. ಆ ದಾಸ್ತಾನಿನ ಸಾಲು ಕಾಣುತ್ತಿಲ್ಲ, ಹಾಗಾದರೆ ಆ ಸಾಲ ತೀರಿತಾ ಅಂತ ಕೇಳಿದರು. ಉಳಿದಿದ್ದನ್ನು ಸರ್ಕಾರದ ನಿಧಿ ಹೊತ್ತುಕೊಂಡಿತು, ಅಂದರೆ ನಾವೇ ಅಂದೆ. ಅಜ್ಜಿ ಬಿಲ್ಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ನಿನ್ನ ಗ್ಯಾಸ್ ಈಗ ಯಾವ ಕಂಪನಿಯದು ಅಂತ ಕೇಳಿದರು. ಹೇಳಿದೆ. ಎರಡು ವರ್ಷದ ನಿಗದಿತ ದರ, ಪಟ್ಟಿಯಲ್ಲಿ ಅದು ಏಳನೆಯದು.