54 ಸಾವಿರ ವೋಟಿಗೆ ನಾಲ್ಕು ಸೀಟು

2024ರ ಜುಲೈ 4ರಂದು ನಡೆದ ಬ್ರಿಟನ್ ಚುನಾವಣೆಯ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನೈಜೆಲ್ ಫರಾಜ್ ಅವರ ಬಲಪಂಥೀಯ ರಿಫಾರ್ಮ್ ಯುಕೆ ಪಕ್ಷಕ್ಕೆ ದೇಶದಾದ್ಯಂತ ಸುಮಾರು 41 ಲಕ್ಷ ವೋಟು ಬಿತ್ತು. ಸಿಕ್ಕಿದ್ದು 5 ಸೀಟು. ಗಾಜಾ ಯುದ್ಧದ ವಿಷಯ ಹಿಡಿದು ಲೇಬರ್ ಪಕ್ಷದ ವಿರುದ್ಧ ನಿಂತು ಗೆದ್ದ ನಾಲ್ವರು ಮುಸ್ಲಿಂ ಪಕ್ಷೇತರರಿಗೆ ಎಲ್ಲಾ ಸೇರಿ ಬಿದ್ದಿದ್ದು ಸುಮಾರು 54 ಸಾವಿರ ವೋಟು. ಅವರಿಗೆ 4 ಸೀಟು.

ಇಂಥ ಫಲಿತಾಂಶ ಕಂಡ ತಕ್ಷಣ ಜನ ಎರಡು ಕಥೆ ಹೇಳೋಕೆ ಶುರು ಮಾಡುತ್ತಾರೆ. ಬ್ರಿಟನ್ನಿನಲ್ಲಿ ಯಾರು ಗೆಲ್ಲಬೇಕು ಅನ್ನೋದನ್ನ ಈಗ ಮುಸ್ಲಿಮರೇ ತೀರ್ಮಾನ ಮಾಡುತ್ತಾರೆ ಅನ್ನೋದು ಒಂದು ಕಥೆ. ಮಸೀದಿಯಲ್ಲಿ ಹೇಳಿದ ಹಾಗೆ ಎಲ್ಲರೂ ಒಟ್ಟಿಗೆ ವೋಟು ಒತ್ತುತ್ತಾರೆ ಅನ್ನೋದು ಇನ್ನೊಂದು. ಎರಡೂ ತಪ್ಪು. ನನಗೆ ಬೇಜಾರಾಗೋದು ಇನ್ನೊಂದು ಕಾರಣಕ್ಕೆ. ಈ ಕಥೆಗಳ ಗಲಾಟೆಯಲ್ಲಿ ನಿಜವಾಗಿ ಸ್ವಾರಸ್ಯವಾಗಿರುವ ಗಣಿತ ಕಣ್ಣಿಗೇ ಬೀಳುವುದಿಲ್ಲ.

ಬ್ರಿಟನ್ನಿನಲ್ಲೂ ನಮ್ಮ ಪದ್ಧತಿಯೇ ಇದೆ, ಅಥವಾ ಅವರದ್ದೇ ನಮಗೆ ಬಂದಿದೆ. 650 ಕ್ಷೇತ್ರ, ಪ್ರತಿ ಕ್ಷೇತ್ರದಲ್ಲೂ ಯಾರಿಗೆ ಜಾಸ್ತಿ ವೋಟೋ ಅವರು ಗೆದ್ದರು. ಅರ್ಧಕ್ಕಿಂತ ಹೆಚ್ಚು ಬೇಕು ಅಂತಿಲ್ಲ. ಈ ಪದ್ಧತಿಯಲ್ಲಿ ಒಂದು ಸಮುದಾಯ ದೇಶದಲ್ಲಿ ಎಷ್ಟಿದೆ ಅನ್ನೋದಕ್ಕಿಂತ ಎಲ್ಲೆಲ್ಲಿ ಎಷ್ಟೆಷ್ಟಿದೆ ಅನ್ನೋದೇ ಮುಖ್ಯ. ಒಂದು ಟ್ಯಾಂಕರ್ ನೀರನ್ನು ಹತ್ತು ಎಕರೆಗೆ ಚಿಮುಕಿಸಿದರೆ ನೆಲ ಸರಿಯಾಗಿ ಒದ್ದೆಯೂ ಆಗಲ್ಲ. ಅದೇ ನೀರನ್ನು ನಾಲ್ಕು ತೆಂಗಿನ ಬುಡಕ್ಕೆ ಬಿಟ್ಟರೆ ಆ ನಾಲ್ಕು ಮರ ಬೇಸಿಗೆ ದಾಟುತ್ತವೆ. ರಿಫಾರ್ಮ್ ಪಕ್ಷದ ವೋಟು ಚಿಮುಕಿಸಿದ ನೀರು.

2021ರ ಜನಗಣತಿ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 39 ಲಕ್ಷ ಮುಸ್ಲಿಮರಿದ್ದಾರೆ, ಅಂದರೆ ಶೇ. 6.5. ಆದರೆ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಹತ್ತಿರ ಹತ್ತಿರ ಶೇ. 40, ಬ್ಲ್ಯಾಕ್‌ಬರ್ನ್ ಕಡೆ ಶೇ. 35, ಬ್ರಾಡ್‌ಫರ್ಡ್ ಮತ್ತು ಬರ್ಮಿಂಗ್‌ಹ್ಯಾಮ್‌ನಲ್ಲಿ ಸುಮಾರು ಶೇ. 30. ದೇಶದ ಎಷ್ಟೋ ಜಿಲ್ಲೆಗಳಲ್ಲಿ ಇದು ಶೇ. 1 ಕೂಡ ಇಲ್ಲ.

ಹೀಗೆ ಒಂದೇ ಕಡೆ ನೆಲೆಸಿದ್ದಕ್ಕೂ ಕಾರಣಗಳಿವೆ. 1960ರ ದಶಕದಲ್ಲಿ ಪಾಕಿಸ್ತಾನದವರು ಝೇಲಂ ನದಿಗೆ ಮಂಗಲಾ ಅಣೆಕಟ್ಟು ಕಟ್ಟಿದಾಗ ಮೀರ್‌ಪುರ ಸೀಮೆಯ ಒಂದು ಲಕ್ಷಕ್ಕೂ ಜಾಸ್ತಿ ಜನ ಮನೆ ಹೊಲ ಕಳೆದುಕೊಂಡರು. ಅದೇ ಹೊತ್ತಿಗೆ ಉತ್ತರ ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ ರಾತ್ರಿ ಪಾಳಿಗೆ ಆಳು ಸಿಗುತ್ತಿರಲಿಲ್ಲ. ಮೊದಲು ಹೋದವನು ತಮ್ಮನನ್ನು ಕರೆಸಿಕೊಂಡ, ತಮ್ಮ ಭಾವಮೈದುನನನ್ನು ಕರೆಸಿಕೊಂಡ. ಮೀರ್‌ಪುರದವರು ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್ ಕಡೆ ನೆಲೆಸಿದರು. ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ನವರು ಪೂರ್ವ ಲಂಡನ್ನಿಗೆ, ಭರೂಚ್ ಮತ್ತು ಸೂರತ್ ಕಡೆಯ ಗುಜರಾತಿ ಮುಸ್ಲಿಮರು ಬ್ಲ್ಯಾಕ್‌ಬರ್ನ್, ಬ್ಯಾಟ್ಲಿಗೆ ಹೋದರು. ವಲಸೆ ಯಾವಾಗಲೂ ಗುರುತಿನವರ ಬೆನ್ನು ಹಿಡಿದೇ ಹೋಗುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಾಮನ್‌ವೆಲ್ತ್ ದೇಶದವರು ಬ್ರಿಟನ್ನಿನಲ್ಲಿ ಕಾನೂನು ಪ್ರಕಾರ ವಾಸವಿದ್ದರೆ ಸಾಕು, ಪಾರ್ಲಿಮೆಂಟ್ ಚುನಾವಣೆಗೆ ಹೆಸರು ನೋಂದಾಯಿಸಿ ವೋಟು ಹಾಕಬಹುದು. ಪೌರತ್ವ ಬೇಕಾಗಿಲ್ಲ. ಬೆಂಗಳೂರಿನಿಂದ ಲೀಡ್ಸ್‌ಗೆ ಓದಲು ಹೋದವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ವೋಟು ಹಾಕಬಹುದು. ಪಕ್ಕದ ಫ್ರಾನ್ಸಿನವರಿಗೆ ಆ ಹಕ್ಕಿಲ್ಲ. ಸಾಮ್ರಾಜ್ಯದ ಕಾಲದಲ್ಲಿ ಎಲ್ಲರೂ ಒಬ್ಬನೇ ರಾಜನ ಪ್ರಜೆಗಳಾಗಿದ್ದರಲ್ಲ, ಆ ನಿಯಮ ಹಾಗೇ ಉಳಿದುಬಂತು.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಒಂದು ಕಲ್ಪನೆಯ ಕ್ಷೇತ್ರ ತಗೊಳ್ಳಿ. ಒಟ್ಟು 40,000 ವೋಟು ಬಿದ್ದಿದೆ. ಲೇಬರ್‌ಗೆ 22,000, ಅದರಲ್ಲಿ 12,000 ಮುಸ್ಲಿಮರದ್ದು. ಕನ್ಸರ್ವೇಟಿವ್‌ಗೆ 14,000, ಚಿಲ್ಲರೆ ಪಕ್ಷಗಳಿಗೆ 4,000. ಲೇಬರ್ 8,000 ವೋಟಿನಿಂದ ಆರಾಮಾಗಿ ಗೆದ್ದಿದೆ.

ಮುಂದಿನ ಚುನಾವಣೆಗೆ ಮುಸ್ಲಿಂ ಮತದಾರರಿಗೆ ಲೇಬರ್ ಮೇಲೆ ಸಿಟ್ಟು ಬಂತು. ಅವರಲ್ಲಿ 5,000 ಜನ ಮನೆಯಲ್ಲೇ ಕೂತರು ಅಂದುಕೊಳ್ಳಿ. ಲೇಬರ್ 17,000, ಕನ್ಸರ್ವೇಟಿವ್ 14,000. ಲೇಬರೇ ಗೆಲ್ಲುತ್ತದೆ. ಅದೇ 5,000 ಜನ ಮನೆಯಲ್ಲಿ ಕೂರದೆ ಕನ್ಸರ್ವೇಟಿವ್‌ಗೆ ಹಾಕಿದರೆ? ಲೇಬರ್ 17,000, ಕನ್ಸರ್ವೇಟಿವ್ 19,000. ಲೇಬರ್ ಸೋತಿತು. ಮನೆಯಲ್ಲಿ ಕೂತ ಒಬ್ಬರು ಅಂತರವನ್ನು ಒಂದು ವೋಟು ಕಡಿಮೆ ಮಾಡುತ್ತಾರೆ, ಎದುರಾಳಿಗೆ ದಾಟಿದ ಒಬ್ಬರು ಎರಡು ವೋಟು ಕಡಿಮೆ ಮಾಡುತ್ತಾರೆ. ಆದರೆ ಇಲ್ಲಿ ದಾಟುವುದು ಸುಲಭವಿಲ್ಲ. ಲೇಬರ್ ಮೇಲೆ ಗಾಜಾ ವಿಷಯಕ್ಕೆ ಸಿಟ್ಟಾದವರು ಕನ್ಸರ್ವೇಟಿವ್‌ಗೆ ಯಾಕೆ ಹಾಕುತ್ತಾರೆ? ಹಾಗಾಗಿ ಪಕ್ಷೇತರ ಬೇಕು.

ಸರಿ, 9,000 ಜನ ಪಕ್ಷೇತರನಿಗೆ ಹಾಕಿದರು. ಲೇಬರ್ 13,000, ಪಕ್ಷೇತರ 9,000, ಕನ್ಸರ್ವೇಟಿವ್ ಅದೇ 14,000. ಗೆದ್ದಿದ್ದು ಕನ್ಸರ್ವೇಟಿವ್! ಸಿಟ್ಟು ಮಾಡಿಕೊಂಡವರಿಗೆ ಬೇಕಿದ್ದವರೂ ಬರಲಿಲ್ಲ, ಮೊದಲಿದ್ದವರೂ ಹೋದರು.

ಈಗ ಇನ್ನೊಂದು ಬದಲಾವಣೆ. ಕನ್ಸರ್ವೇಟಿವ್‌ನ 14,000 ಎರಡು ಹೋಳಾಯಿತು: ಅವರಿಗೆ 7,000, ರಿಫಾರ್ಮ್‌ಗೆ 7,000. ಪಕ್ಷೇತರನಿಗೆ 11,500 ಬಂತು. ಲೇಬರ್‌ಗೆ ಉಳಿದಿದ್ದು 10,500. ಪಕ್ಷೇತರ ಗೆದ್ದ, ಶೇ. 29 ವೋಟು ಕೂಡ ಇಲ್ಲದೆ.

ಗಮನಿಸಿ, ನಾಲ್ಕೂ ಸಲ ಸಿಟ್ಟು ಒಂದೇ ಸಮುದಾಯದ್ದು. ಫಲಿತಾಂಶವನ್ನು ನಿರ್ಧರಿಸಿದ್ದರಲ್ಲಿ ಉಳಿದ 28,000 ಜನ ಏನು ಮಾಡಿದರು ಅನ್ನೋದೂ ಅಷ್ಟೇ ದೊಡ್ಡ ಪಾತ್ರ ವಹಿಸಿತು. 2019ರಲ್ಲಿ ಶೇ. 43.6 ಇದ್ದ ಕನ್ಸರ್ವೇಟಿವ್ ವೋಟು 2024ರಲ್ಲಿ ಶೇ. 23.7ಕ್ಕೆ ಬಿತ್ತು. ಆ ಕುಸಿತ ಆಗದಿದ್ದರೆ ಪಕ್ಷೇತರರ ಕಥೆ ಬೇರೆಯೇ ಇರುತ್ತಿತ್ತು.

ಇದು ಬರೀ ಕಾಗದದ ಲೆಕ್ಕ ಅಂದುಕೊಳ್ಳಬೇಡಿ. ಬ್ಲ್ಯಾಕ್‌ಬರ್ನ್‌ನಲ್ಲಿ ಲೇಬರ್ 2019ರಲ್ಲಿ 18 ಸಾವಿರಕ್ಕೂ ಜಾಸ್ತಿ ಅಂತರದಿಂದ ಗೆದ್ದಿತ್ತು. 2024ರಲ್ಲಿ ಪಕ್ಷೇತರ ಅದ್ನಾನ್ ಹುಸೇನ್ ಅಲ್ಲಿ ಕೇವಲ 132 ವೋಟಿನಿಂದ ಗೆದ್ದರು, ಸುಮಾರು ಶೇ. 27 ವೋಟು ಪಡೆದು. ಲೆಸ್ಟರ್ ಸೌತ್‌ನಲ್ಲಿ ಲೇಬರ್‌ನ ಜೋನಾಥನ್ ಆ್ಯಶ್‌ವರ್ತ್ ಮಂತ್ರಿಯಾಗುವುದು ಖಚಿತ ಅಂತ ಎಲ್ಲರೂ ಅಂದುಕೊಂಡಿದ್ದರು. ಪಕ್ಷೇತರನ ಎದುರು 979 ವೋಟಿನಿಂದ ಸೋತರು. ಇಲ್‌ಫರ್ಡ್ ನಾರ್ತ್‌ನಲ್ಲಿ ಲೇಬರ್‌ನ ವೆಸ್ ಸ್ಟ್ರೀಟಿಂಗ್ 528 ವೋಟಿನಿಂದ ಉಳಿದುಕೊಂಡು ಆರೋಗ್ಯ ಮಂತ್ರಿಯಾದರು. ನಮ್ಮ ಮೂರನೇ ಲೆಕ್ಕದ ಹಾಗೆ ವೋಟು ಒಡೆದು ಕನ್ಸರ್ವೇಟಿವ್ ಗೆದ್ದಿದ್ದೂ ಇದೆ. ಅದು ಪಕ್ಕದ ಲೆಸ್ಟರ್ ಈಸ್ಟ್‌ನಲ್ಲಿ. ಭಾರತ ಮೂಲದ ಹಿಂದೂಗಳು ಬಹಳ ಇರುವ ಕ್ಷೇತ್ರ. ಲೇಬರ್ ಅಭ್ಯರ್ಥಿಯ ಜೊತೆಗೆ ಅದೇ ಪಕ್ಷದ ಇಬ್ಬರು ಹಳೇ ಎಂಪಿಗಳೂ ಬೇರೆ ಬೇರೆ ನಿಂತರು. ಶಿವಾನಿ ರಾಜಾ ಗೆದ್ದರು. ಇಡೀ ದೇಶದಲ್ಲಿ ಆ ಸಲ ಕನ್ಸರ್ವೇಟಿವ್ ಪಕ್ಷ ಬೇರೆಯವರಿಂದ ಕಿತ್ತುಕೊಂಡ ಸೀಟು ಅದೊಂದೇ.

ಅಂದರೆ ಈ ಗಣಿತಕ್ಕೆ ಧರ್ಮ ಗೊತ್ತಿಲ್ಲ. ಇದಕ್ಕೆ 140 ವರ್ಷ ಹಳೆಯ ಪುರಾವೆ ಇದೆ. 19ನೇ ಶತಮಾನದಲ್ಲಿ ಬರಗಾಲದ ಹೊಡೆತಕ್ಕೆ ಐರ್ಲೆಂಡಿನ ಕ್ಯಾಥೊಲಿಕರು ಲಿವರ್‌ಪೂಲ್‌ನ ಬಂದರಿಗೆ ಬಂದು ಒಂದೇ ಕಡೆ ನೆಲೆಸಿದರು. 1885ರ ಚುನಾವಣೆಯಲ್ಲಿ ಐರಿಷ್ ನಾಯಕ ಪಾರ್ನೆಲ್ ಬ್ರಿಟನ್ನಿನಲ್ಲಿದ್ದ ಐರಿಷ್ ಮತದಾರರಿಗೆ ಲಿಬರಲ್ ಪಕ್ಷದ ವಿರುದ್ಧ ವೋಟು ಹಾಕಿ ಅಂತ ಕರೆ ಕೊಟ್ಟರು. ಲಿವರ್‌ಪೂಲ್‌ನ ಸ್ಕಾಟ್‌ಲೆಂಡ್ ಅನ್ನುವ ಕ್ಷೇತ್ರದಲ್ಲಿ ಟಿ. ಪಿ. ಓಕಾನರ್ ಐರಿಷ್ ಪಕ್ಷದಿಂದಲೇ ಗೆದ್ದರು. 1929ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ಅವರೇ ಎಂಪಿ. ಒಟ್ಟು 86 ಸೀಟು ಬಂದ ಐರಿಷ್ ಪಕ್ಷದ ಕೈಗೆ ಸರ್ಕಾರದ ಜುಟ್ಟು ಸಿಕ್ಕಿತು, ಮರುವರ್ಷ ಲಿಬರಲ್ ಪ್ರಧಾನಿ ಗ್ಲಾಡ್‌ಸ್ಟನ್ ಐರ್ಲೆಂಡಿಗೆ ಸ್ವಯಂ ಆಡಳಿತ ಕೊಡುವ ಮಸೂದೆ ತಂದರು. ಆಗಲೂ ಪಾದ್ರಿಗಳು ಹೇಳಿದ ಹಾಗೆ ಈ ಜನ ವೋಟು ಹಾಕುತ್ತಾರೆ, ಇವರ ನಿಷ್ಠೆ ರೋಮ್‌ಗೆ ಅಂತ ಆರೋಪ ಇತ್ತು. ಇವತ್ತು ಆ ಮಾತಿನಲ್ಲಿ ಹೆಸರು ಮಾತ್ರ ಬದಲಾಗಿದೆ.

ಹಾಗಾದರೆ ಒಟ್ಟಿಗೆ ವೋಟು ಹಾಕಿಸುವ ವ್ಯವಸ್ಥೆ ಇಲ್ಲವೇ ಇಲ್ಲವಾ? ಇತ್ತು. ಮೀರ್‌ಪುರಿಗಳಲ್ಲಿ ಬಿರಾದರಿ ಅಂತ ಕುಲದ ಬಳಗ ಇದೆ. ಹಿರಿಯರು ಕೂತು ತೀರ್ಮಾನಿಸಿದರೆ ಮನೆಮಂದಿಯ ವೋಟು ಆ ಕಡೆ ಹೋಗುತ್ತಿತ್ತು, ದಶಕಗಳ ಕಾಲ ಅದು ಲೇಬರ್‌ಗೇ ಹೋಯಿತು. ನಮ್ಮ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯನ್ನು ಅಧ್ಯಯನ ಮಾಡಿ 1950ರ ದಶಕದಲ್ಲಿ ವೋಟ್ ಬ್ಯಾಂಕ್ ಬಗ್ಗೆ ಬರೆದಿದ್ದರಲ್ಲ, ಹೆಚ್ಚು ಕಮ್ಮಿ ಅದೇ ರೀತಿ. ಆದರೆ ಲೇಬರ್ ಸರ್ಕಾರ ಇಳಿದ 2003ರ ಇರಾಕ್ ಯುದ್ಧ ಅದನ್ನು ಅಲುಗಾಡಿಸಿತು. 2005ರಲ್ಲಿ ಬೆತ್ನಲ್ ಗ್ರೀನ್ ಆ್ಯಂಡ್ ಬೋ ಕ್ಷೇತ್ರದಲ್ಲಿ ಆ ಯುದ್ಧವನ್ನು ವಿರೋಧಿಸಿದ ಜಾರ್ಜ್ ಗ್ಯಾಲೋವೇ ಲೇಬರ್ ವಿರುದ್ಧ 823 ವೋಟಿನಿಂದ ಗೆದ್ದರು. 2012ರ ಬ್ರಾಡ್‌ಫರ್ಡ್ ವೆಸ್ಟ್ ಉಪಚುನಾವಣೆಯಲ್ಲಿ ಅವರೇ ಹತ್ತು ಸಾವಿರ ಅಂತರದಿಂದ ಗೆದ್ದಾಗ ಅವರ ಬೆನ್ನಿಗಿದ್ದವರಲ್ಲಿ ಬಿರಾದರಿ ಹಿರಿಯರ ಮಾತು ಮೀರಿದ ಹುಡುಗರು, ಹೆಂಗಸರು ಬಹಳ. ಮೂರೇ ವರ್ಷಕ್ಕೆ ಅದೇ ಊರಿನ ಜನ ಗ್ಯಾಲೋವೇ ಅವರನ್ನು ಸೋಲಿಸಿ ಲೇಬರ್‌ನ ನಾಜ್ ಶಾ ಅವರನ್ನು ಗೆಲ್ಲಿಸಿದರು.

2024ರಲ್ಲಂತೂ ಹಲವು ಕಡೆ ಮುಸ್ಲಿಂ ಅಭ್ಯರ್ಥಿಯ ಎದುರು ಮುಸ್ಲಿಂ ಅಭ್ಯರ್ಥಿ. ಬರ್ಮಿಂಗ್‌ಹ್ಯಾಮ್‌ನ ಪೆರಿ ಬಾರ್‌ನಲ್ಲಿ ಪಕ್ಷೇತರ ಅಯೂಬ್ ಖಾನ್ ಸೋಲಿಸಿದ್ದು 2001ರಿಂದ ಎಂಪಿ ಆಗಿದ್ದ ಲೇಬರ್‌ನ ಖಾಲಿದ್ ಮಹಮೂದ್ ಅವರನ್ನು. ನಾಜ್ ಶಾ ಗಾಜಾದಲ್ಲಿ ಕದನ ವಿರಾಮ ಬೇಕು ಅಂತ ಪಕ್ಷದ ಮಾತು ಮೀರಿ ವೋಟು ಹಾಕಿದ್ದವರು. ಆದರೂ ಬರೀ 707 ವೋಟಿನಿಂದ ಬಚಾವಾದರು. ಒಂದೇ ಆದೇಶಕ್ಕೆ ನಡೆಯುವ ಗುಂಪಾಗಿದ್ದರೆ ಇಷ್ಟೊಂದು ಹಗ್ಗಜಗ್ಗಾಟ ಇರುತ್ತಿತ್ತಾ?

ಇನ್ನು ಮುಸ್ಲಿಮರಲ್ಲಿ ಇಷ್ಟು ಶೇಕಡಾ ಇಂಥವರಿಗೆ ಹಾಕಿದರು ಅಂತ ಖಡಾಖಂಡಿತ ಹೇಳುವವರ ಬಗ್ಗೆ. ನಮ್ಮಲ್ಲಿ ಬೂತ್ ಲೆಕ್ಕ ಸಿಗುತ್ತದೆ, ಯಾವ ಕೇರಿ ಯಾರಿಗೆ ಹಾಕಿತು ಅಂತ ಮರುದಿನವೇ ಚರ್ಚೆ ಶುರು. ಬ್ರಿಟನ್ನಿನಲ್ಲಿ ಪಾರ್ಲಿಮೆಂಟ್ ಚುನಾವಣೆಯ ಎಣಿಕೆಗೆ ಮೊದಲು ಬೇರೆ ಬೇರೆ ಪೆಟ್ಟಿಗೆಗಳ ಮತಪತ್ರಗಳನ್ನು ಬೆರೆಸಬೇಕು ಅಂತ ನಿಯಮವೇ ಇದೆ. ಪ್ರಕಟವಾಗುವುದು ಇಡೀ ಕ್ಷೇತ್ರದ ಲೆಕ್ಕ. ಸಮೀಕ್ಷೆ ನಂಬೋಣ ಅಂದರೆ, 1,000 ಜನರ ಸಮೀಕ್ಷೆಯಲ್ಲಿ ಮುಸ್ಲಿಮರು 65 ಇರಬಹುದು. ಅಷ್ಟು ಚಿಕ್ಕ ಗುಂಪಿನಲ್ಲಿ ಬರುವ ಶೇಕಡಾವಾರು 12 ಅಂಶ ಆಚೀಚೆ ಆಗಬಹುದು. ಶೇ. 60 ಅಂದರೆ ಅದು 48 ಇರಬಹುದು, 72 ಇರಬಹುದು. ಮುಸ್ಲಿಮರನ್ನೇ ದೊಡ್ಡ ಸಂಖ್ಯೆಯಲ್ಲಿ ಮಾತನಾಡಿಸಿದ ಸಮೀಕ್ಷೆಗೆ ಮಾತ್ರ ಬೆಲೆ.

ಕ್ಷೇತ್ರದ ಲೆಕ್ಕದಿಂದ ವ್ಯಕ್ತಿಯ ಬಗ್ಗೆ ಊಹಿಸುವುದು ಇನ್ನೂ ಅಪಾಯ. 1950ರಲ್ಲಿ ಡಬ್ಲ್ಯೂ. ಎಸ್. ರಾಬಿನ್‌ಸನ್ ಅನ್ನುವ ಅಮೆರಿಕದ ಸಮಾಜ ವಿಜ್ಞಾನಿ ತಮ್ಮ ದೇಶದ 1930ರ ಜನಗಣತಿ ಹಿಡಿದು ಇದನ್ನು ಚೆನ್ನಾಗಿ ತೋರಿಸಿದರು. ವಲಸಿಗರು ಜಾಸ್ತಿ ಇರುವ ರಾಜ್ಯಗಳಲ್ಲಿ ಸಾಕ್ಷರತೆಯೂ ಜಾಸ್ತಿ ಇತ್ತು. ಹಾಗಾದರೆ ವಲಸಿಗರೇ ಹೆಚ್ಚು ಓದಿದವರಾ? ಒಬ್ಬೊಬ್ಬರ ಲೆಕ್ಕ ನೋಡಿದರೆ ಉಲ್ಟಾ, ವಲಸಿಗರಲ್ಲೇ ಸಾಕ್ಷರತೆ ಕಡಿಮೆ. ಅವರು ಹೆಚ್ಚಾಗಿ ನೆಲೆಸಿದ್ದು ಓದಿದವರು ಹೆಚ್ಚಿರುವ ರಾಜ್ಯಗಳಲ್ಲಿ, ಅಷ್ಟೇ. ಮುಸ್ಲಿಮರು ಜಾಸ್ತಿ ಇರುವ ಕ್ಷೇತ್ರದಲ್ಲಿ ಲೇಬರ್ ವೋಟು ಬಿತ್ತು ಅನ್ನೋದರಿಂದ ಬಿಟ್ಟುಹೋದವರೆಲ್ಲ ಮುಸ್ಲಿಮರೇ ಅಂತ ಹೇಳೋಕೆ ಬರಲ್ಲ. ಆ ಊರುಗಳಲ್ಲೇ ವಿದ್ಯಾರ್ಥಿಗಳೂ ಇದ್ದಾರೆ, ಎಡಪಂಥೀಯ ಬಿಳಿಯರೂ ಇದ್ದಾರೆ. ಗಾಜಾ ಅವರಿಗೂ ನೋವಿನ ವಿಷಯವೇ ಆಗಿತ್ತು.

ಸರ್ಕಾರ ಯಾರದ್ದು ಅನ್ನೋದನ್ನು ಈ ವೋಟು ಬದಲಿಸಲಿಲ್ಲ. ಲೇಬರ್‌ಗೆ 411 ಸೀಟು ಬಂತು. ಅದೂ ಶೇ. 33.7 ವೋಟಿಗೆ. 2017ರಲ್ಲಿ ಶೇ. 40 ವೋಟು ಬಂದಾಗ ಅದೇ ಪಕ್ಷಕ್ಕೆ 262 ಸೀಟು ಸಿಕ್ಕಿತ್ತು! ನೀತಿ ಬದಲಾಯಿತಾ? ಬ್ರಿಟನ್ 2025ರ ಸೆಪ್ಟೆಂಬರ್ 21ರಂದು ಪ್ಯಾಲೆಸ್ಟೈನ್‌ಗೆ ಮಾನ್ಯತೆ ಕೊಟ್ಟಾಗ ಮುಸ್ಲಿಂ ವೋಟಿನ ಭಯ ಅಂದವರಿದ್ದರು. ಅದೇ ದಿನ ಕೆನಡಾ, ಆಸ್ಟ್ರೇಲಿಯಾ ಕೂಡ ಕೊಟ್ಟವು, ಮರುದಿನ ಫ್ರಾನ್ಸ್. ಸೀಟಿನ ಭಯ ಒಂದು ಕಾರಣ ಇರಬಹುದು, ಅದೊಂದೇ ಅನ್ನೋಕೆ ಆಗಲ್ಲ.

ಮುಂದೆ ಏನಾಗಬಹುದು ಅನ್ನೋದಕ್ಕೆ ವಯಸ್ಸಿನ ಲೆಕ್ಕ ನೋಡಬೇಕು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಒಟ್ಟು ಜನರ ಮಧ್ಯಮ ವಯಸ್ಸು (ಅರ್ಧ ಜನ ಅದಕ್ಕಿಂತ ಚಿಕ್ಕವರು, ಅರ್ಧ ಜನ ದೊಡ್ಡವರು) 40, ಮುಸ್ಲಿಮರದ್ದು 27. ವೋಟಿನ ವಯಸ್ಸು ಆಗದ ಮಕ್ಕಳು ಈ ಸಮುದಾಯದಲ್ಲಿ ಜಾಸ್ತಿ, ಹಾಗಾಗಿ ಜನಸಂಖ್ಯೆಯಲ್ಲಿ ಶೇ. 6.5 ಇದ್ದರೂ ಮತದಾರರಲ್ಲಿ ಅವರ ಪಾಲು ಅದಕ್ಕಿಂತ ಕಡಿಮೆ. 2025ರ ಜುಲೈನಲ್ಲಿ ಸರ್ಕಾರ ಮತದಾನದ ವಯಸ್ಸನ್ನು 16ಕ್ಕೆ ಇಳಿಸುವುದಾಗಿ ಘೋಷಿಸಿತು. ಅದರಿಂದ ಈ ಅಂತರ ಸ್ವಲ್ಪ ಕಿರಿದಾಗುತ್ತದೆ. ದೇಶದ ಮಟ್ಟದಲ್ಲಿ ಅದು ಲೆಕ್ಕಕ್ಕೇ ಬರದಷ್ಟು ಚಿಕ್ಕದು. ಆದರೆ ಐದು ಪಕ್ಷಗಳು ವೋಟು ಹಂಚಿಕೊಂಡು ಶೇ. 27ಕ್ಕೆ ಗೆಲುವು ಸಿಗುವ ಊರುಗಳಲ್ಲಿ, ಅಂತರ 132 ಇರುವಾಗ, ಹದಿನಾರು ಹದಿನೇಳರ ಕೆಲವು ನೂರು ಮಕ್ಕಳು ಯಾವ ಕಡೆ ಹೋಗುತ್ತಾರೆ ಅಂತ ಎಲ್ಲ ಪಕ್ಷದವರೂ ಈಗಲೇ ಲೆಕ್ಕ ಹಾಕಬೇಕಾಗುತ್ತದೆ.